ವಿಮಾನದಲ್ಲಿ ಬಂದ ಗುಂಡುಕಳ್ಳಿ

ಗುಂಡುಕಳ್ಳಿ ತೀರಿಹೋದ ಸಂಗತಿ ರುದ್ರಸ್ವಾಮಿಗೆ ತಿಳಿದದ್ದು ಸೋಮವಾರ ಬೆಳಗ್ಗೆ ಆರೂವರೆಗೆ, ಅವನ ಬಲಗೈ ತೋರುಬೆರಳಿನಿಂದ. ಎಂದಿನಂತೆ ಜಗಲಿಯ ಮೇಲಿದ್ದ ಕುಂಡದ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಮುಳ್ಳು ತಪ್ಪಿಸಿ, ಗಿಡದ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡಿದ. ಕಳಿತ ಹಲಸಿನ ಹಣ್ಣಿಗೆ ಹಾಕಿದ ಹಾಗೆ ಬೆರಳು ಒಂದು ಗೆಣ್ಣಿನಷ್ಟು ಒಳಕ್ಕೆ ಹೋಯಿತು. ಹೊರಗೆ ತೆಗೆದಾಗ ಅದರ ಜೊತೆ ಬಂದ ವಾಸನೆಗೆ, ಜಗಲಿಯ ಕೆಳಗೆ ಮಲಗಿದ್ದ ಬೀದಿನಾಯಿ ಎದ್ದು ಎದುರು ಸಾಲಿನ ಮನೆಯ ಮುಂದೆ ಹೋಗಿ ಮಲಗಿತು.

"ಅವ್ವಾ!" ಎಂದು ಕೂಗಿಕೊಂಡ.

ತಾಯಿ ಗುರುಬಸಮ್ಮ ಹಿತ್ತಾಳೆ ಚೆಂಬು ಹಿಡಿದುಕೊಂಡೇ ಓಡಿಬಂದರು. "ಯಾಕ್ಲಾ ಮಗಾ, ಚೇಳು ಕಡೀತಾ?"

"ಚೇಳು ಕಡ್ದಿದ್ರೆ ಎಷ್ಟೋ ಸಂದಾಕಿತ್ತು ಕಣವ್ವ. ಕಳ್ಳಿ ಸತ್ತೋಗದೆ!"

"ಶಿವಶಿವಾ!" ಎಂದು ಗುರುಬಸಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಇನ್ನೊಂದು ಕೈಯಲ್ಲಿದ್ದ ಚೆಂಬು ಮಾತ್ರ ಸದ್ದಿಲ್ಲದೆ ಬೆನ್ನ ಹಿಂದಕ್ಕೆ ಹೋಯಿತು. ಮಗ ಅದನ್ನು ನೋಡಲಿಲ್ಲ.

ಕೊಳ್ಳೇಗಾಲದಲ್ಲಿ ಒಂದು ಕಳ್ಳಿ ಸತ್ತರೆ ಅಳುವವರು ಯಾರೂ ಇಲ್ಲ. ಮುಳ್ಳೂರಿನ ದಾರಿಯುದ್ದಕ್ಕೂ ಬೇಲಿಗಳ ತುಂಬ ಪಾಪಾಸುಕಳ್ಳಿ. ಕಡಿದು ಎಸೆದರೆ ಎಸೆದ ಜಾಗದಲ್ಲೇ ಚಿಗುರಿ ನಿಲ್ಲುತ್ತದೆ. ಆದರೆ ಇದು ಬೇಲಿಯ ಕಳ್ಳಿಯಲ್ಲ. ಜಪಾನಿನಲ್ಲಿ ದುಡ್ಡು ಕೊಟ್ಟು ಕೊಂಡು, ವಿಮಾನದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದ ಕಳ್ಳಿ. ಅದನ್ನು ತರಿಸಿದವರು ಇದೇ ದಿನ ಸಂಜೆ ನಾಲ್ಕು ಗಂಟೆಗೆ ನೋಡಲು ಬರುವವರಿದ್ದರು.

ರುದ್ರಸ್ವಾಮಿ ರೇಷ್ಮೆ ಬೆಳೆಗಾರರ ಸಂಘವೊಂದರ ಹನೂರಿನ ಗೂಡಿನ ಡಿಪೋದಲ್ಲಿ ಮೇಲ್ವಿಚಾರಕ. ಬೆಳಗ್ಗೆ ಏಳಕ್ಕೆ ಕೊಳ್ಳೇಗಾಲದಲ್ಲಿ ಬಸ್ಸು ಹತ್ತಿದರೆ ಮನೆಗೆ ಮರಳುವಾಗ ಬೀದಿಯೆಲ್ಲ ಮಲಗಿರುತ್ತಿತ್ತು. ಹೆಂಡತಿ ಚನ್ನಾಜಮ್ಮ ಹೆರಿಗೆಗೆಂದು ಯಳಂದೂರಿನ ತೌರಿಗೆ ಹೋದವಳು, ಕೂಸಿಗೆ ಮೂರು ತಿಂಗಳು ತುಂಬಿದರೂ ಬಂದಿರಲಿಲ್ಲ. "ಮಗುವಿಗೆ ಅಪ್ಪನ ಮುಖ ಗುರುತಾಗಬೇಕಾದರೆ ಮೊದಲು ಕೊಳ್ಳೇಗಾಲಕ್ಕೆ ವರ್ಗ ಮಾಡಿಸಿಕೊಳ್ಳಿ, ಆಮೇಲೆ ಬರುತ್ತೇನೆ" ಎಂದು ಕಾಗದ ಬರೆಸಿದ್ದಳು. ವರ್ಗ ಮಾಡಬೇಕಾದವರು ಮೈಸೂರಿನಲ್ಲಿದ್ದ ಸಂಘದ ಕಾರ್ಯದರ್ಶಿ ಸದಾಶಿವಪ್ಪನವರು. ಅವರಿಗೆ ಪ್ರಪಂಚದಲ್ಲಿ ಇಷ್ಟವಾದದ್ದು ಒಂದೇ, ಕಳ್ಳಿಗಿಡ. ಮನೆಯ ತಾರಸಿಯ ಮೇಲೆ ನಲವತ್ತು ಜಾತಿಯವನ್ನು ಕುಂಡದಲ್ಲಿ ಸಾಕಿದ್ದರು.

ಅರವತ್ತೊಂಬತ್ತನೇ ಇಸವಿಯಲ್ಲಿ ಹುಳು ಸಾಕಣೆ ಕಲಿತು ಬರಲು ಜಪಾನಿಗೆ ಒಬ್ಬರನ್ನು ಕಳಿಸುವ ಅವಕಾಶ ಬಂದಾಗ, ಸದಾಶಿವಪ್ಪನವರು ರುದ್ರಸ್ವಾಮಿಯನ್ನು ಆರಿಸಿದರು. ಅವನು ಬಹಳ ಬುದ್ಧಿವಂತನೆಂದಲ್ಲ, ಯಾರಿಗೂ ಇಲ್ಲವೆನ್ನಲಾರದವನೆಂದು. ಹೊರಡುವ ದಿನ ಒಂದು ಚಿತ್ರ ಕೈಗಿತ್ತರು. ದುಂಡಗೆ ಹಸಿರಾಗಿ, ಎಂಟು ಹೋಳು ಜೋಡಿಸಿಟ್ಟಂತೆ ಏಣುಗಳು. ಮೈತುಂಬ ಬಿಳಿಯ ಚುಕ್ಕೆ. "ಹುಳುವಿನ ವಿಚಾರ ಏನು ಕಲಿತರೂ ಸರಿ, ಕಲಿಯದಿದ್ದರೂ ಸರಿ. ಇದೊಂದನ್ನು ತಂದುಬಿಡಿ. ಕೊಳ್ಳೇಗಾಲದ ವಿಚಾರ ನನಗೆ ಬಿಡಿ" ಎಂದಿದ್ದರು.

ಜಪಾನಿನ ಅಂಗಡಿಯ ಮುದುಕಿಗೆ ರುದ್ರಸ್ವಾಮಿ ಚಿತ್ರ ತೋರಿಸಿದ. ಆಕೆ ಬಗ್ಗಿ ನಮಸ್ಕರಿಸಿದಳು. ಇವನೂ ಬಗ್ಗಿದ. ಹೀಗೆ ಹನ್ನೊಂದು ಸಲ ಆದ ಮೇಲೆಯೇ ಬೆಲೆಯ ಮಾತು. ಆಕೆ ಬೇರಿನ ಮಣ್ಣು ತೊಳೆದು, ಕಾಗದ ಸುತ್ತಿ, ಕಡೆಗೆ ಒಂದು ಲೋಟ ನೀರು ತೋರಿಸಿ ಎರಡೂ ಕೈ ಜೋರಾಗಿ ಆಡಿಸಿದಳು. ನೀರು ಕೂಡದು! ಅಷ್ಟು ಅರ್ಥವಾಯಿತು. ವಿಮಾನದಲ್ಲಿ ಅದನ್ನು ತನ್ನ ಮಂಕಿ ಟೋಪಿಯೊಳಗಿಟ್ಟು, ತೊಡೆಯ ಮೇಲೆ ಕೂರಿಸಿಕೊಂಡು, ಬೆಲ್ಟನ್ನು ಅದರ ಮೇಲೆಯೇ ಬಿಗಿದುಕೊಂಡ. ವಿಮಾನ ಕುಲುಕಿದಾಗಲೆಲ್ಲ ಇವನು ಬೆಟ್ಟದ ಮಾದಪ್ಪನನ್ನು ನೆನೆಯುತ್ತಿದ್ದ. ಬೊಂಬಾಯಿಯಲ್ಲಿ ಇಳಿಯುವ ಹೊತ್ತಿಗೆ ತೊಡೆಯ ಮೇಲೆ ಎದ್ದಿದ್ದ ಗುಳ್ಳೆಗಳನ್ನು ಎಣಿಸುವುದನ್ನೂ ಬಿಟ್ಟಿದ್ದ.

ಅಲ್ಲಿ ಒಬ್ಬ ಅಧಿಕಾರಿ ಟೋಪಿ ಬಿಚ್ಚಿಸಿ ಹಿಂದಿಯಲ್ಲಿ ಏನೋ ಗದರಿದ. ರುದ್ರಸ್ವಾಮಿಗೆ ಬರುತ್ತಿದ್ದ ಹಿಂದಿ ಒಂದೇ ಮಾತು. ಕಳ್ಳಿಯನ್ನು ಎರಡೂ ಕೈಯಲ್ಲಿ ಹಣೆಗೊತ್ತಿಕೊಂಡು "ಭಗವಾನ್!" ಅಂದ. ಹಣೆಯಲ್ಲಿ ಮೂರು ಎಳೆ ವಿಭೂತಿ, ಕೈಯಲ್ಲಿ ವಿಭೂತಿ ಚಿಮುಕಿಸಿದಂತೆ ಬಿಳಿಚುಕ್ಕೆಯ ದುಂಡನೆಯ ಮೂರ್ತಿ. ಮುಳ್ಳು ಚುಚ್ಚಿ ಕಣ್ಣಲ್ಲಿ ನೀರು ಬೇರೆ. ಆ ಭಕ್ತಿಯನ್ನು ಕಂಡು ಅಧಿಕಾರಿ ತನ್ನ ಟೋಪಿ ತೆಗೆದು ಕೈಮುಗಿದು ದಾರಿ ಬಿಟ್ಟ.

ಈ ಕತೆಯನ್ನು ರುದ್ರಸ್ವಾಮಿ ಊರಿಗೆ ಬಂದ ದಿನ ಜಗಲಿಯ ಮೇಲೆ ಕುಳಿತು ಇಡೀ ಬೀದಿಗೆ ಹೇಳಿದ. "ಲಿಂಗ ಅಂತ ಅಂದ್ಬುಟ್ಟೆ ಕಣ್ರಿ! ಕೈ ಮುಗ್ದ!" ಎಲ್ಲರೂ ನಕ್ಕರು. ಬಾಗಿಲ ಬಳಿ ನಿಂತಿದ್ದ ಗುರುಬಸಮ್ಮ ಮಾತ್ರ ನಗಲಿಲ್ಲ.

ಸದಾಶಿವಪ್ಪನವರ ಮನೆಗೆ ಸುಣ್ಣಬಣ್ಣ ನಡೆಯುತ್ತಿತ್ತು. "ಎರಡು ತಿಂಗಳು ನಿಮ್ಮಲ್ಲೇ ಬೇರು ಬಿಡಲಿ. ನೀರು ಮಾತ್ರ ತೋರಿಸಬೇಡಿ" ಎಂದು ಬರೆದಿದ್ದರು. ಆ ಎರಡು ತಿಂಗಳು ಇಂದಿಗೆ ಮುಗಿದಿತ್ತು. ಅವರು ಬರುವರೆಂದೇ ರುದ್ರಸ್ವಾಮಿ ಡಿಪೋಗೆ ರಜೆ ಹಾಕಿದ್ದ.

ಕೂಗು ಕೇಳಿ ಮೊದಲು ಬಂದವರು ಪಕ್ಕದ ಮನೆಯ ಶಿವನಂಜಯ್ಯ. ದನದ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಕಾಂಪೌಂಡರಾಗಿದ್ದು ನಿವೃತ್ತರಾದವರು. ಕಾಯಿಲೆ ಯಾರದೇ ಆಗಲಿ, ತಮ್ಮನ್ನು ಕೇಳದೆ ಸಾಯುವ ಹಕ್ಕು ಆ ಬೀದಿಯಲ್ಲಿ ಯಾರಿಗೂ ಇಲ್ಲವೆಂದು ತಿಳಿದಿದ್ದರು. ಕುಂಡದ ಸುತ್ತ ಒಂದು ಸುತ್ತು ಬಂದು, ಕಳ್ಳಿಯ ಪಕ್ಕೆಗೆ ಎರಡು ಬೆರಳಿಂದ ತಟ್ಟಿ, ಕಿವಿಗೊಟ್ಟು ಕೇಳಿದರು.

"ಒಟ್ಟೆ ಉಬ್ಬರ ಕಣ್ಲಾ ರುದ್ರ. ಗಾಳಿ ಸೇರ್ಕಂಡದೆ."

"ಬದುಕ್ತದಾ ಶಿವನಂಜಣ್ಣ?"

"ದನ ಆಗಿದ್ರೆ ಅರಳೆಣ್ಣೆ ಕುಡಿಸ್ಬುಡ್ತಿದ್ದೆ. ಇದಕ್ಕೆ ಬಾಯಿ ಎಲ್ಲದೆ ಅಂತ್ಲೇ ಗೊತ್ತಾಗ್ತಿಲ್ವಲ್ಲ. ಇರು, ಗಾಳಿ ತೆಗ್ದುಬುಡಾನ."

ಬೇಡವೆನ್ನುವಷ್ಟರಲ್ಲಿ ಶಿವನಂಜಯ್ಯ ಶಿವದಾರದಂತೆ ಸದಾ ಮೈಮೇಲೇ ಇರುತ್ತಿದ್ದ ಚೀಲದಿಂದ ದಪ್ಪ ಸೂಜಿಯೊಂದನ್ನು ತೆಗೆದು ನೆತ್ತಿಗೆ ಚುಚ್ಚಿದರು. ಅಲ್ಲಿಯವರೆಗೆ ಕಳ್ಳಿ ಸತ್ತಿದ್ದರೂ ಮರ್ಯಾದೆಯಿಂದ ಕುಳಿತಿತ್ತು. ಈಗ 'ಪುಸ್' ಎಂದು ನಿಟ್ಟುಸಿರು ಬಿಟ್ಟು, ಒದ್ದೆಯಾದ ಹಪ್ಪಳದ ಹಾಗೆ ಕುಂಡದ ತುಂಬ ಹರಡಿಕೊಂಡಿತು.

"ಗಾಳಿಯೇನೋ ಓಯ್ತು," ಎಂದರು ಶಿವನಂಜಯ್ಯ.

ಆ ಹೊತ್ತಿಗೆ ಬೀದಿಯಲ್ಲಿ ಜೇನು ಮಾರುತ್ತ ಬಂದವನು ಬಿಳಿಗಿರಿ ಬೆಟ್ಟದ ಸೋಲಿಗರ ಕ್ಯಾತಯ್ಯ. ತಿಂಗಳಿಗೊಮ್ಮೆ ಬರುವವನು, ಗುರುಬಸಮ್ಮನವರಿಗೆ ಜೇನು ಕೊಡದೆ ಮುಂದೆ ಹೋಗುತ್ತಿರಲಿಲ್ಲ. ಜಗಲಿಯ ಬಳಿ ಡಬ್ಬ ಇಳಿಸಿ, ಕುಂಡದೊಳಗೆ ಇಣುಕಿದ. ಕಡ್ಡಿಯಿಂದ ಬೇರು ಎತ್ತಿ ಮೂಸಿದ.

"ಬೇರು ಕೊಳ್ತೋಗದೆ ಸಾ. ನೀರು ಕುಡ್ದು ಸತ್ತದೆ ಇದು. ಯಾರೋ ದಿನಾ ಉಯ್ದವ್ರೆ."

"ಒಂದು ತೊಟ್ಟೂ ಉಯ್ದಿಲ್ಲ ಕಣೋ!" ಎಂದ ರುದ್ರಸ್ವಾಮಿ.

ಕ್ಯಾತಯ್ಯ ಕಡ್ಡಿ ಕೆಳಗಿಟ್ಟ. ಗುರುಬಸಮ್ಮನವರ ಬೆನ್ನ ಹಿಂದಿನಿಂದ ತೊಟ್ಟಿಕ್ಕುತ್ತಿದ್ದ ನೀರನ್ನು ನೋಡಿದ. ರುದ್ರಸ್ವಾಮಿಯೂ ನೋಡಿದ. ಶಿವನಂಜಯ್ಯನವರಂತೂ ಕನ್ನಡಕ ಹಾಕಿಕೊಂಡು ನೋಡಿದರು.

"ಅವ್ವಾ, ಏನದು ಕೈಲಿ?"

ಗುರುಬಸಮ್ಮ ಚೆಂಬನ್ನು ಮುಂದಕ್ಕೆ ತಂದರು. "ನೀನೇ ತಾನೇ ಲಿಂಗ ಅಂದೋನು? ನಾನಂದ್ನಾ? ಒಂದ್ಸಲ ಬಾಯಲ್ಲಿ ಲಿಂಗ ಅಂದ್ಮ್ಯಾಕೆ ನೀರಿಲ್ದೆ ಒಣಗ್ಸಾದಾ? ಪಾಪ ಬರಾಕಿಲ್ವಾ? ನೀನು ಬಸ್ಸಿಗೋದೇಟ್ಗೆ ದಿನಾ ಒಂದ್ ಚೆಂಬು ಉಯ್ದು, ಒಂದು ಪತ್ರೆ ಮಡಗ್ತಿದ್ದೆ. ನೀನು ಬರಾಕ್ ಮುಂಚೆ ತೆಗ್ದುಬುಡ್ತಿದ್ದೆ."

"ಅದು ಆ ಆಫೀಸರ್‌ಗೆ ಹೇಳಿದ ಸುಳ್ಳು ಕಣವ್ವಾ!"

"ಸುಳ್ಳೇಳಿದ್ದು ನಿನ್ನ ತಪ್ಪು. ಪೂಜೆ ಮಾಡಿದ್ದು ನನ್ನ ತಪ್ಪಾ?" ಎಂದು, ಸ್ವಲ್ಪ ತಡೆದು, ತಗ್ಗಿದ ದನಿಯಲ್ಲಿ ಅಂದರು: "ಮೂವತ್ತೆಂಟು ವರ್ಸ ನಿಮ್ಮಪ್ಪನ ಪೂಜೆಗೆ ಇದೇ ಚೆಂಬಲ್ಲಿ ನೀರು ತಂದ್ಕೊಟ್ಟೆ. ಅವ್ರು ಓದ್ಮ್ಯಾಕೆ ಚೆಂಬಿಗೂ ಕೆಲ್ಸಿಲ್ಲ, ನನ್ ಕೈಗೂ ಕೆಲ್ಸಿಲ್ಲ. ಅವ್ರು ಕೂತ್ಕೊಳ್ತಿದ್ದ ತಾವ್ಲೇ ನೀನು ಇದ ತಂದು ಮಡಗ್ದೆ. ನಾನೇನ್ ಅನ್ಕೊಬೇಕು?"

ರುದ್ರಸ್ವಾಮಿ ಕುಂಡವಿದ್ದ ಜಾಗವನ್ನು ನೋಡಿದ. ಅಪ್ಪ ಹೋಗಿ ಎರಡು ವರ್ಷವಾಗಿತ್ತು. ಕುಂಡ ಇಟ್ಟದ್ದು ಎಲ್ಲಿಯೆಂದು ಅವನು ಯೋಚಿಸಿಯೇ ಇರಲಿಲ್ಲ. "ಆದರೂ ನೀರಿಂದ್ಲೇ ಸತ್ತದ್ದು ಕಣವ್ವ" ಎಂದಷ್ಟೇ ಅಂದ.

"ಬುಡು, ಬುಡು. ಶಿವನ ತಲೆ ಮ್ಯಾಲೆ ಗಂಗಮ್ಮನೇ ಕುಂತವ್ಳೆ. ಒಂದ್ ಚೆಂಬು ನೀರಿಗೆ ಸತ್ತದಾ? ಅದರ ಆಯಸ್ಸು ಮುಗೀತು ಅಷ್ಟೆಯಾ. ಈಗ ಅದನ್ನ ಅನಾಥ್ವಾಗಿ ಬಿಸಾಕ್ಬೇಡ. ನಮ್ಮೋರಂಗೆ ಮಣ್ಣು ಮಾಡ್ಬೇಕು."

"ಸಾಯಂಕಾಲ ಮಾಡಾನ. ಮೊದ್ಲು ನನ್ನ ಗತಿ ನೋಡು!"

ಗುರುಬಸಮ್ಮ ಕಳೇಬರವನ್ನು ಮುತ್ತುಗದ ಎಲೆಯಲ್ಲಿ ತೆಗೆದುಕೊಂಡು ಹೋಗಿ, ಹಿತ್ತಲಲ್ಲಿ ಬುಟ್ಟಿ ಮುಚ್ಚಿ, ಮೇಲೊಂದು ಬಿಲ್ವಪತ್ರೆ ಇಟ್ಟರು.

ರುದ್ರಸ್ವಾಮಿ ಚಿತ್ರವನ್ನು ಕ್ಯಾತಯ್ಯನ ಮುಂದೆ ಹಿಡಿದ. "ನಿಮ್ಮ ಬೆಟ್ಟದಲ್ಲಿ ಇಂಥದ್ದು ಎಲ್ಲಾದರೂ ಅದಾ?"

ಕ್ಯಾತಯ್ಯ ಚಿತ್ರವನ್ನು ನೆಟ್ಟಗೂ ತಲೆಕೆಳಗಾಗಿಯೂ ನೋಡಿದ. ಆಮೇಲೆ ತಲೆಯೆತ್ತಿ ಶಿವನಂಜಯ್ಯನವರ ಬೇಲಿಯ ಕಡೆ ಗಲ್ಲ ಎತ್ತಿ ತೋರಿಸಿದ. "ಇದಕ್ಕೆ ಬೆಟ್ಟಕ್ಯಾಕೆ ಓಗ್ಬೇಕು ಸಾ? ಅಗೋ, ಬೇಲಿ ಮ್ಯಾಲೆ ಕುಂತದಲ್ಲ!"

ಬೇಲಿಯ ಮೇಲೆ ಸಿಹಿಕುಂಬಳದ ಬಳ್ಳಿ. ಬಳ್ಳಿಯಲ್ಲಿ ದುಂಡಗೆ, ಹಸಿರಾಗಿ, ಎಂಟು ಹೋಳು ಜೋಡಿಸಿಟ್ಟಂತೆ ಏಣು ಬಿದ್ದ ಎಳೆಯ ಹೀಚು.

ಮೂವರೂ ಬೇಲಿಯ ಬಳಿಗೆ ಹೋದರು. ಶಿವನಂಜಯ್ಯ ಹೀಚನ್ನು ಸವರಿ ನೋಡಿದರು. "ಮುಳ್ಳು ಬೇಕಲ್ಲಾ?"

ಮುಳ್ಳಿಗೆ ಬರವೇ? ರುದ್ರಸ್ವಾಮಿ ಸೈಕಲ್ಲು ಹತ್ತಿ ಮುಳ್ಳೂರಿನ ದಾರಿಗೆ ಹೋದ. ಬೇಲಿಯ ಕಳ್ಳಿಗೆ ಕೈ ಹಾಕಿದಾಗ ಒಂದು ಹಿಡಿ ಮುಳ್ಳು ಚೀಲಕ್ಕೆ ಬಂತು, ಒಂದು ಹಿಡಿ ಅಂಗೈಯಲ್ಲೇ ಉಳಿಯಿತು. ಹಿಂದೆ ಸರಿಯುವಾಗ ಕುಳಿತದ್ದೂ ಕಳ್ಳಿಯ ಮೇಲೆಯೇ. ಹಿಂತಿರುಗುವಾಗ ಸೈಕಲ್ಲನ್ನು ನಿಂತುಕೊಂಡೇ ತುಳಿದ. ಎದುರಿಗೆ ಸಿಕ್ಕ ಪರಿಚಯದವರೊಬ್ಬರು "ಏನ್ ರುದ್ರಸ್ವಾಮಿ, ಜಪಾನಲ್ಲಿ ಇಂಗೇ ತುಳೀತಾರಾ?" ಎಂದು ಕೇಳಿದರು.

ಮಧ್ಯಾಹ್ನವೆಲ್ಲ ಕೆಲಸ ನಡೆಯಿತು. ಹೀಚಿನ ತೊಟ್ಟನ್ನು ಮಣ್ಣಿನೊಳಗೆ ಹೂತು ಕುಂಡದಲ್ಲಿ ಕೂರಿಸಿದರು. ಶಿವನಂಜಯ್ಯ ಸೂಜಿಯಿಂದ ಏಣಿನುದ್ದಕ್ಕೂ ತೂತು ಮಾಡಿಕೊಟ್ಟರು. ಕ್ಯಾತಯ್ಯ ಜೇನುಮೇಣ ಹಚ್ಚಿ ಒಂದೊಂದು ಮುಳ್ಳನ್ನೂ ನೆಟ್ಟ. ರುದ್ರಸ್ವಾಮಿ ಬೆಂಕಿಕಡ್ಡಿಯ ತುದಿಯನ್ನು ನೆನೆಸಿದ ವಿಭೂತಿಯಲ್ಲಿ ಅದ್ದಿ ಚುಕ್ಕೆ ಇಟ್ಟ. ಮೇಲುತುದಿಯಲ್ಲಿ ಕುಂಬಳದ ಹೂವು ಬಾಡಿ ಅಂಟಿಕೊಂಡಿತ್ತು. ಕಿತ್ತರೆ ಗಾಯವಾಗುವುದೆಂದು ಹಾಗೆಯೇ ಬಿಟ್ಟರು. ಕೆಲಸ ಮುಗಿದಾಗ ಕ್ಯಾತಯ್ಯ ದೂರ ನಿಂತು ನೋಡಿ, "ಕಾಡಲ್ಲಿ ಕಂಡ್ರೆ ನಾನೇ ಎದ್ರಿಕೊತ್ತಿದ್ದೆ ಸಾ" ಎಂದು ಜೇನಿನ ಡಬ್ಬ ಹೊತ್ತು ನಡೆದ.

"ಅವ್ವ, ಸಾಹೇಬ್ರು ಬಂದಾಗ ನೀನು ಮಾತಾಡ್ಕೂಡ್ದು."

"ಆಡಾಕಿಲ್ಲ. ಆದ್ರೆ ನನ್ನ ಮುಂದೆ ಸುಳ್ಳು ಆಡ್ಬೇಡ. ಒಂದು ಸುಳ್ಳಿಗೆ ಒಂದು ಜೀವ ಓಗದೆ, ಸಾಲ್ದಾ?"

ನಾಲ್ಕಕ್ಕೆ ಸರಿಯಾಗಿ ಜೀಪು ಬಂತು. ಸದಾಶಿವಪ್ಪನವರು ಇಳಿದವರೇ ಕುಂಡದ ಮುಂದೆ ಮಂಡಿಯೂರಿದರು. ಜೇಬಿನಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಹಿಡಿದರು. ಆಗಲೇ ಒಂದು ಮುಳ್ಳು ಸಡಿಲಗೊಂಡು 'ಟಪ್' ಎಂದು ಉದುರಿತು. ರುದ್ರಸ್ವಾಮಿಗೆ ಗೋಪಿನಾಥಂ ಕಣ್ಣಮುಂದೆ ಬಂತು. ಮಾದೇಶ್ವರನ ಬೆಟ್ಟದಿಂದಾಚೆ, ಕಾಡಿನ ಕೊನೆಯಲ್ಲಿ ಸಂಘದ ಒಂದು ಡಿಪೋ ಅಲ್ಲಿತ್ತು. ಸಾಹೇಬರ ಕೋಪಕ್ಕೆ ಗುರಿಯಾದವರೆಲ್ಲ ಅಲ್ಲಿಗೇ ಹೋಗುತ್ತಿದ್ದರು.

"ಹಳೇ ಮುಳ್ಳು ಉದುರುತ್ತಿದೆ!" ಎಂದರು ಸದಾಶಿವಪ್ಪನವರು. "ಒಳ್ಳೆಯ ಲಕ್ಷಣ. ಪುಸ್ತಕದಲ್ಲಿ ಹೀಗೇ ಬರೆದಿದೆ. ಅಯ್ಯೋ, ನೆತ್ತಿ ನೋಡ್ರೀ! ಹೂ ಬಿಟ್ಟು ಬಾಡಿದೆ! ರುದ್ರಸ್ವಾಮಿ, ಹೂ ಬಿಡೋದಕ್ಕೆ ಇದಕ್ಕೆ ಹತ್ತು ವರ್ಷ ಬೇಕು ಅಂತಾರೆ. ತಂದಾಗ ಕಿತ್ತಳೆ ಹಣ್ಣಿನಷ್ಟಿದೆ ಅಂತ ಬರೆದಿದ್ದಿರಿ?"

"ಹೌದು ಸಾರ್."

"ಎರಡು ತಿಂಗಳಲ್ಲಿ ಎರಡರಷ್ಟಾಗಿದೆಯಲ್ಲ! ಏನು ಮಾಡಿದಿರಿ? ನಿಜ ಹೇಳಿ. ನೀರು ಹಾಕಿದಿರಾ?"

"ಒಂದು ತೊಟ್ಟೂ ಇಲ್ಲ ಸಾರ್."

ಬಾಗಿಲ ಸಂದಿಯಿಂದ ಗುರುಬಸಮ್ಮನವರ ಮಾತು ಬಂತು. ತಡೆದುಕೊಳ್ಳಲು ಅವರ ಕೈಯಲ್ಲಾಗಲಿಲ್ಲ. "ಅದು ಸುಳ್ಳು, ಬುದ್ಧೀ. ನಿಮ್ಮ ಕಳ್ಳಿಗೆ ದಿನಾ ಒಂದ್ ಚೆಂಬು ನೀರು ಉಯ್ದಿವ್ನಿ. ಶಿವನಾಣೆಗೂ. ತಪ್ಪಾಗಿದ್ರೆ ನಂಗೇ ಸಿಕ್ಸೆ ಕೊಡಿ, ಮಗಂಗೆ ಬ್ಯಾಡ."

ರುದ್ರಸ್ವಾಮಿ ಕಣ್ಣು ಮುಚ್ಚಿಕೊಂಡ. ಬೇಲಿಯಾಚೆ ಶಿವನಂಜಯ್ಯನವರ ತಲೆ ಸರಕ್ಕನೆ ಕೆಳಗೆ ಹೋಯಿತು.

ಸದಾಶಿವಪ್ಪನವರು ಎದ್ದು ನಿಂತರು. ಗುರುಬಸಮ್ಮನವರನ್ನೂ ಕುಂಡವನ್ನೂ ಬದಲಿಸಿ ಬದಲಿಸಿ ನೋಡಿದರು. ಆಮೇಲೆ ಚಪ್ಪಲಿ ಕಳಚಿ ಕೈಮುಗಿದರು.

"ತಾಯೀ, ಹದಿನೆಂಟು ವರ್ಷ ಪುಸ್ತಕ ನಂಬಿ ಕೆಟ್ಟೆ. ನೀರು ಕೂಡದು, ನೀರು ಕೂಡದು ಅಂತ ನಲವತ್ತು ಗಿಡಗಳನ್ನೂ ಒಣಗಿಸಿಬಿಟ್ಟಿದ್ದೀನಿ. ಒಂದಾದರೂ ಹೂ ಬಿಟ್ಟಿಲ್ಲ. ನೀವು ಒಂದು ಚೆಂಬು ನೀರಲ್ಲಿ ಎರಡು ತಿಂಗಳಿಗೇ ಹೂ ಬಿಡಿಸಿದಿರಿ!"

ಅವರು ಜೇಬಿನಿಂದ ಕಾಗದವೊಂದನ್ನು ತೆಗೆದರು. "ಕೊಳ್ಳೇಗಾಲದ ವರ್ಗದ ಆರ್ಡರು ರುದ್ರಸ್ವಾಮಿ. ರುಜು ಮಾಡಿಯೇ ತಂದಿದ್ದೆ." ರುದ್ರಸ್ವಾಮಿ ಎರಡೂ ಕೈ ಚಾಚಿದ. ಅವು ಇನ್ನೂ ಗಾಳಿಯಲ್ಲಿರುವಾಗಲೇ ಸದಾಶಿವಪ್ಪನವರು ಕಾಗದವನ್ನು ಪರ್ರನೆ ಹರಿದರು.

"ನಿಮ್ಮಂಥವರಿಗೆ ಕೊಳ್ಳೇಗಾಲ ಯಾಕ್ರೀ? ಒಂದನೇ ತಾರೀಕಿಂದ ಮೈಸೂರು ಹೆಡ್ಡಾಫೀಸು. ನಮ್ಮ ಮನೆಯ ಹಿಂದೇ ಕ್ವಾರ್ಟರ್ಸು ಖಾಲಿಯಿದೆ. ತಾಯಿಯವರನ್ನು ಕರ್ಕೊಂಡು ಬನ್ನಿ. ನನ್ನ ನಲವತ್ತು ಗಿಡಕ್ಕೂ ದಿನಾ ಬೆಳಗ್ಗೆ ಇವರ ಕೈಯಿಂದಲೇ ಒಂದೊಂದು ಚೆಂಬು ನೀರು. ಪುಸ್ತಕಗಳನ್ನೆಲ್ಲ ನಾಳೆಯೇ ಒಲೆಗೆ ಹಾಕಿಸ್ತೀನಿ. ನಲವತ್ತರ ಜವಾಬ್ದಾರಿಯೂ ನಿಮ್ಮದು!"

"ಸಾರ್, ಅದು... ನಿಜ ಹೇಳಬೇಕು ಅಂದರೆ..."

"ಒಂದು ಗಿಡ ಹೋದರೂ, ನೆನಪಿರಲಿ, ಗೋಪಿನಾಥಂ ಡಿಪೋ ಖಾಲಿಯಿದೆ!" ಎಂದು ಸದಾಶಿವಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನೋ ಹೇಳೋಕೆ ಹೊರಟಿದ್ರಿ?"

ರುದ್ರಸ್ವಾಮಿ ಕುಂಬಳದ ಹೀಚನ್ನು ನೋಡಿದ. "ಏನಿಲ್ಲ ಸಾರ್."

"ಇದು ಸದ್ಯಕ್ಕೆ ಇಲ್ಲೇ ಇರಲಿ. ಜೀಪಿನ ಕುಲುಕಾಟ ಇದಕ್ಕೆ ಆಗೋದಿಲ್ಲ. ಒಂದನೇ ತಾರೀಕು ನೀವೇ ತೊಡೆ ಮೇಲೆ ಇಟ್ಕೊಂಡು ತನ್ನಿ, ಜಪಾನಿಂದ ತಂದ ಹಾಗೆ."

ಜೀಪು ಧೂಳೆಬ್ಬಿಸಿಕೊಂಡು ಹೋಯಿತು. ಬೇಲಿಯ ಮೇಲೆ ಶಿವನಂಜಯ್ಯನವರ ತಲೆ ಮತ್ತೆ ಹುಟ್ಟಿತು. "ಒಂದ್ನೇ ತಾರೀಕ್ಗೆ ಇನ್ನೂ ಹನ್ನೆರಡು ದಿವ್ಸ ಅದೆ. ಅಷ್ಟೊತ್ತಿಗೆ ಇದು ಬಾಡೋಯ್ತದೆ. ಯೋಚ್ನೆ ಮಾಡ್ಬೇಡ ಕಣ್ಲಾ, ಬಳ್ಳೀಲಿ ಇನ್ನೂ ಆರು ಈಚು ಅವೆ."

ರುದ್ರಸ್ವಾಮಿ ಜಗಲಿಯ ಮೇಲೆ ಕುಳಿತ. ಬೆಳಗಿನ ಮುಳ್ಳು ನೆನಪಾಗಿ ತಟ್ಟನೆ ಎದ್ದ. ನಲವತ್ತು ಕುಂಡ, ನಲವತ್ತು ಚೆಂಬು, ಎರಡು ತಿಂಗಳು. ಆಮೇಲೆ ಗೋಪಿನಾಥಂ. ಯಳಂದೂರಿನಿಂದ ಮೈಸೂರಿಗೆ ಸಂತೋಷದಿಂದ ಬರುವ ಚನ್ನಾಜಮ್ಮ, ಅಲ್ಲಿಂದ ಗೋಪಿನಾಥಕ್ಕೆ ಹೋಗಬೇಕೆಂದಾಗ ಏನೆನ್ನುವಳೆಂಬುದನ್ನು ಯೋಚಿಸಲೂ ಅವನಿಗೆ ಧೈರ್ಯವಾಗಲಿಲ್ಲ.

"ನಲವತ್ತು ಅವಂತಾ ಮಗಾ?" ಎಂದರು ಗುರುಬಸಮ್ಮ. ಎರಡು ವರ್ಷದಿಂದ ಕಾಣದ ಕಳೆ ಆ ಮುಖದ ಮೇಲಿತ್ತು. ಕೈಯಲ್ಲಿದ್ದ ಚೆಂಬನ್ನು ಆಗಲೇ ಹುಣಿಸೆಹಣ್ಣು ಹಚ್ಚಿ ಬೆಳಗಿದ್ದರು. "ನಲವತ್ತಕ್ಕೂ ಪತ್ರೆ ಸಿಕ್ತದಾ ಮೈಸೂರಲ್ಲಿ?"

"ಸಿಕ್ತದೆ ಕಣವ್ವ," ಎಂದ.

ಹೊತ್ತು ಇಳಿಯುತ್ತಿತ್ತು. ಹಿತ್ತಲ ಬಿಲ್ವದ ಮರದ ಕೆಳಗೆ ಅವನು ಮೊಣಕಾಲುದ್ದ ಗುಂಡಿ ತೋಡಿದ. ಗುರುಬಸಮ್ಮ ಬುಟ್ಟಿ ಎತ್ತಿ, ಎಲೆಯಲ್ಲಿದ್ದುದನ್ನು ಎರಡೂ ಕೈಯಲ್ಲಿ ಗುಂಡಿಯೊಳಗೆ ಇಳಿಸಿ, ವಿಭೂತಿ ಹಾಕಿ, ಪತ್ರೆ ಇಟ್ಟು, ಮೂರು ಹಿಡಿ ಮಣ್ಣು ಹಾಕಿದರು. ಮಗನೂ ಹಾಕಿದ. ಬೇಲಿಯಾಚೆ ಶಿವನಂಜಯ್ಯ ತಲೆಯ ಟವಲು ತೆಗೆದು ನಿಂತರು.

"ಮಾದಪ್ಪಾ," ಎಂದರು ಗುರುಬಸಮ್ಮ, "ಯಾವ್ದೋ ದೇಸದಲ್ಲಿ ಉಟ್ಟಿ, ಆಕಾಸದಲ್ಲಿ ಬಂದು, ನನ್ ಕೈಲಿ ಎರಡು ತಿಂಗ್ಳು ಪೂಜೆ ಮಾಡಿಸ್ಕಂಡು ಓಯ್ತು ಈ ಜೀವ. ಏನು ತಪ್ಪಾಗಿದ್ರೂ ಒಟ್ಟೆಗಾಕ್ಕೊ. ಇದನ್ನ ನಿನ್ನ ಪಾದದ ತಾವ, ನಮ್ ರುದ್ರನ ಅಪ್ಪನ ಮಗ್ಗುಲಲ್ಲಿ ಮಡಿಕ್ಕೊ. ಇಬ್ಬರ್ಗೂ ಸಾಂತಿ ಕೊಡಪ್ಪ."

ರುದ್ರಸ್ವಾಮಿ ಕಣ್ಣುಮುಚ್ಚಿ, ಮುಳ್ಳು ತುಂಬಿದ ಅಂಗೈಗಳನ್ನು ಜೋಡಿಸಿ, ತಾಯಿಗೆ ಕೇಳಿಸದಂತೆ ಸೇರಿಸಿದ: "ಇನ್ನು ಎರಡು ತಿಂಗಳಿಗೆ ನಿನ್ನ ಪಾದ ಸೇರುವ ನಲವತ್ತಕ್ಕೂ, ಸ್ವಾಮಿ, ಈಗಿನಿಂದಲೇ ಶಾಂತಿ ಕೊಡು."